ಶುಕ್ರವಾರದೊಳಗೆ ಐದು ಲಕ್ಷ: ಬ್ಲ್ಯಾಕ್‌ಮೇಲ್‌ ಮಾಡುವವನಿಗೆ ಉದ್ಯಮಿ ಮಹಿಳೆ ತಿರುಗಿ ನಿಲ್ಲುವುದು ಹೇಗೆ?

ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿಸಿ ಮಾರುವ ಒಬ್ಬ ಅಕ್ಕಾರು ಇದ್ದಾರೆ ಎಂದಿಟ್ಟುಕೊಳ್ಳಿ. ಹದಿನಾಲ್ಕು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಾರೆ. ಬೆಂಗಳೂರಿಗೂ ಪುಣೆಗೂ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹೋಗುತ್ತದೆ. ಒಂದು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ಗೆ ಒಂದು ಫೋಟೊ ಬರುತ್ತದೆ, ಅದರ ಕೆಳಗೆ ಎರಡು ಸಾಲು: "ಶುಕ್ರವಾರದೊಳಗ ಐದು ಲಕ್ಷ ಆಗಬೇಕ್ರಿ ಮೇಡಂ. ಇಲ್ಲಂದ್ರ ಇದು ನಿಮ್ಮ ಮನಿಯವರಿಗೂ ಹೋಗ್ತದ, ನಿಮ್ಮ ಡೀಲರ್ ಗ್ರೂಪಿಗೂ ಹೋಗ್ತದ."

ಈ ಅಕ್ಕಾರು ಸಾಲ ವಸೂಲಿ ಮಾಡಿದವರು, ಬ್ಯಾಂಕ್ ಮ್ಯಾನೇಜರನ್ನು ಎದುರಿಸಿದವರು, ಗೋಧಿ–ಜೋಳದ ದರದ ಮೇಲೆ ದಲಾಲರ ಜೊತೆ ಗಂಟೆಗಟ್ಟಲೆ ಚೌಕಾಸಿ ಮಾಡಿದವರು. ಆದರೂ ಆ ರಾತ್ರಿ ಅವರ ತಲೆಯಲ್ಲಿ ಓಡುವ ಲೆಕ್ಕ ಒಂದೇ: ಐದು ಲಕ್ಷ ಎಲ್ಲಿಂದ ಹೊಂದಿಸಲಿ?

ಈ ಬರಹ ಆ ಲೆಕ್ಕವನ್ನು ಬದಲಿಸಲು. ಬಿಲ್ ಇಲ್ಲದೆ ಒಂದು ಮೂಟೆ ಬೆಲ್ಲವನ್ನೂ ಕೊಳ್ಳದವರು ನೀವು. ಇಲ್ಲಿ ಒಬ್ಬ "ಅಳಿಸಿಬಿಟ್ಟೆ" ಎಂಬ ಬಾಯಿಮಾತನ್ನು ಐದು ಲಕ್ಷಕ್ಕೆ ಮಾರಲು ಬಂದಿದ್ದಾನೆ. ಅಳಿಸಿದ್ದಕ್ಕೆ ಅವನು ರಸೀದಿ ಕೊಡಲಾರ. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇಲ್ಲ ಎಂದು ತೋರಿಸುವ ಉಪಾಯ ಯಾವ ಲೋಕದಲ್ಲೂ ಇಲ್ಲ. ಹಾಗಾಗಿ ಶುಕ್ರವಾರ ಕೊಡುವುದು ಮೊದಲ ಕಂತು ಅಷ್ಟೆ.

ಇದಕ್ಕೆ ದೊಡ್ಡ ಉದಾಹರಣೆ ಜರ್ಮನಿಯಲ್ಲಿದೆ. ಸುಸಾನೆ ಕ್ಲಾಟನ್ ಬಿಎಂಡಬ್ಲ್ಯು ಕಾರು ಕಂಪನಿಯ ಪ್ರಮುಖ ಷೇರುದಾರರು, ಆ ದೇಶದ ಅತಿ ಶ್ರೀಮಂತ ಮಹಿಳೆ ಎಂದೇ ಹೆಸರಾದವರು. 2007ರಲ್ಲಿ ಆಸ್ಟ್ರಿಯಾದ ಒಂದು ಆರೋಗ್ಯಧಾಮದಲ್ಲಿ ಒಬ್ಬ ಸ್ವಿಸ್ ಗಂಡಸಿನ ಪರಿಚಯವಾಯಿತು. ತಾನು ಅಪಘಾತ ಮಾಡಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಕಥೆ ಕಟ್ಟಿ ಅವನು 70 ಲಕ್ಷ ಯೂರೊ ತೆಗೆದುಕೊಂಡ. ಅಲ್ಲಿಗೆ ಮುಗಿಯಲಿಲ್ಲ. ಗುಟ್ಟಾಗಿ ತೆಗೆದ ವಿಡಿಯೊ ಇದೆ ಎಂದ, 4.9 ಕೋಟಿ ಯೂರೊ ಕೇಳಿದ. ಅವರು ಕೊಡಲಿಲ್ಲ. ಆಮೇಲೆ ಅವನೇ 1.4 ಕೋಟಿಗೆ ಇಳಿದ. ಸಂತೆಯಲ್ಲಿ ಇಷ್ಟು ಬೇಗ ದರ ಇಳಿಸುವವನ ಮಾಲಿನ ಬಗ್ಗೆ ನಿಮಗೆ ಏನನ್ನಿಸುತ್ತದೋ ಇಲ್ಲೂ ಅದೇ ಅನ್ನಿಸಬೇಕು. ಕ್ಲಾಟನ್ ಪೊಲೀಸರ ಬಳಿ ಹೋದರು. 2008ರ ಜನವರಿಯಲ್ಲಿ ಅವನು ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದ. 2009ರ ಮಾರ್ಚ್‌ನಲ್ಲಿ ಮ್ಯೂನಿಕ್ ನ್ಯಾಯಾಲಯ 6 ವರ್ಷ ಶಿಕ್ಷೆ ಕೊಟ್ಟಿತು. ಅವರ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ವ್ಯವಹಾರ ನಿಲ್ಲಲಿಲ್ಲ.

ಅವರಿಗಿದ್ದ ವಕೀಲರ ಪಡೆ ನಮಗಿಲ್ಲ, ನಿಜ. ಆದರೆ ಅವರು ಹೋದ ದಾರಿಯ ಮೆಟ್ಟಿಲುಗಳು ನಮ್ಮಲ್ಲೂ ಇವೆ.

ಹಂತ 1: ಮೊದಲ ರಾತ್ರಿ ಏನೂ ಮಾಡಬೇಡಿ (ಬಹುಪಾಲು)

ದುಡ್ಡು ಕಳಿಸಬೇಡಿ, "ಸದ್ಯಕ್ಕೆ ಹತ್ತು ಸಾವಿರ ಇಟ್ಕೋ" ಎಂದೂ ಬೇಡ. ಹತ್ತು ಸಾವಿರ ಬಂದ ಕೂಡಲೇ ಅವನಿಗೆ ಗೊತ್ತಾಗುವುದು ಒಂದೇ, ಈ ಬಾವಿಯಲ್ಲಿ ನೀರಿದೆ ಎಂದು. ಬೈಯಬೇಡಿ, ಕಾಲಿಗೂ ಬೀಳಬೇಡಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ: ಕಣ್ಣಿಗೆ ಬೀಳದಿರಲಿ ಎಂದು ಎಲ್ಲವನ್ನೂ ಡಿಲೀಟ್ ಮಾಡಿ, ಮರುದಿನ ಠಾಣೆಗೆ ಬರಿಗೈಯಲ್ಲಿ ಹೋಗುತ್ತಾರೆ.

ಉತ್ತರ ಕೊಡಲೇಬೇಕು ಅನ್ನಿಸಿದರೆ ಒಂದೇ ಸಾಲು ಸಾಕು: "ಮೆಸೇಜ್ ನೋಡಿದೆ, ನನಗೆ ಸಮಯ ಬೇಕು." ಇದರಲ್ಲಿ ಒಪ್ಪಿಗೆ ಇಲ್ಲ, ಕ್ಷಮೆ ಇಲ್ಲ, ಸವಾಲೂ ಇಲ್ಲ. "ಆ ಫೋಟೊದಲ್ಲಿ ಇರೋದು ನಾನೇ, ಆದ್ರೆ..." ಎಂದು ಶುರುಮಾಡಿದರೆ ಅವನಿಗೆ ಹೊಸ ಸರಕು ಸಿಕ್ಕಂತೆ.

ಈಗಾಗಲೇ ಯುಪಿಐನಲ್ಲಿ ಕಳಿಸಿಬಿಟ್ಟಿದ್ದೀರಾ? ಹಾಗಾದರೆ ಬೆಳಗಿನವರೆಗೆ ಕಾಯಬೇಡಿ. 1930ಕ್ಕೆ ಫೋನ್ ಮಾಡಿ. ಹಣ ಯಾವ ಖಾತೆಗೆ ಹೋಯಿತೋ ಅಲ್ಲಿಂದ ಮುಂದೆ ಜಾರುವ ಮೊದಲು ತಡೆಹಿಡಿಸುವುದು ಈ ಸಹಾಯವಾಣಿಯ ಕೆಲಸ, ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ಅದೇ ರಾತ್ರಿ ತಿಳಿಸಿ.

ಹಂತ 2: ಎದುರಿಗಿರುವವನು ಯಾರು?

ಮುಂದಿನ ಎಲ್ಲ ನಡೆಯೂ ಇದರ ಮೇಲೆ ನಿಂತಿದೆ.

ಒಬ್ಬ ಪರಿಚಯವಿಲ್ಲದವನು. ಅಪರಿಚಿತ ವಿಡಿಯೊ ಕಾಲ್, ಎರಡು ನಿಮಿಷದ ರೆಕಾರ್ಡಿಂಗ್, ಅಥವಾ ನಿಮ್ಮ ಇನ್‌ಸ್ಟಾಗ್ರಾಂ ಮುಖವನ್ನು ಬೇರೆ ಮೈಗೆ ಅಂಟಿಸಿದ ನಕಲಿ ಚಿತ್ರ. ರಾಜಸ್ಥಾನ–ಹರಿಯಾಣದ ಮೇವಾತ್ ಸೀಮೆ ಇಂಥ ದಂಧೆಗೆ ಕುಖ್ಯಾತ. ಇವರಿಗೆ ನೀವು ಯಾರೆಂಬುದು ಮುಖ್ಯವಲ್ಲ, ದಿನಕ್ಕೆ ನೂರಾರು ಗಾಳ ಎಸೆಯುತ್ತಾರೆ. ಸ್ವಲ್ಪ ಹೊತ್ತಿಗೆ "ಸಿಬಿಐ ಆಫೀಸರ್" ಅಥವಾ "ಯೂಟ್ಯೂಬ್ ಆಫೀಸರ್" ಫೋನ್ ಮಾಡಿ ವಿಡಿಯೊ ತೆಗೆಸಲು ಶುಲ್ಕ ಕೇಳಿದರೆ ಅದೂ ಅದೇ ಗುಂಪು. ಪುರಾವೆ ತೆಗೆದಿಟ್ಟುಕೊಂಡು, ಬ್ಲಾಕ್ ಮಾಡಿ, ದೂರು ಕೊಡಿ. ದುಡ್ಡು ಹುಟ್ಟದ ಕಡೆ ಇವರು ಹೆಚ್ಚು ದಿನ ನಿಲ್ಲುವುದಿಲ್ಲ.

ಎರಡನೆಯವನು ಗೊತ್ತಿರುವವನು: ಹಳೆಯ ಗೆಳೆಯ, ಬಿಟ್ಟುಹೋದ ಪಾಲುದಾರ, ಕೆಲಸದಿಂದ ತೆಗೆದ ಅಕೌಂಟೆಂಟ್. ಇವನ ಬಳಿ ನಿಜವಾದ ಸರಕು ಇರಬಹುದು, ಸಿಟ್ಟೂ ಇರುತ್ತದೆ. ಇವನನ್ನು ತಕ್ಷಣ ಬ್ಲಾಕ್ ಮಾಡಬೇಡಿ. ಬೆದರಿಕೆ ಬರೆಯುತ್ತಲೇ ಇರಲಿ, ಒಂದೊಂದು ಮೆಸೇಜೂ ಅವನ ಮೇಲಿನ ಕೇಸಿಗೆ ಒಂದೊಂದು ಇಟ್ಟಿಗೆ. ಮಾರ್ಗ ತೆರೆದಿಡಬೇಕೋ ಮುಚ್ಚಬೇಕೋ ಎಂಬುದನ್ನು ಪೊಲೀಸರನ್ನು ಕೇಳಿಯೇ ತೀರ್ಮಾನಿಸಿ.

ಮೂರನೆಯದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಗಟ್ಟಿಯಾಗಿ ಹೇಳದ ಜಾತಿ: ರೋಲ್‌ಕಾಲ್ ಗಿರಾಕಿ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಮೈಕು, ನಾಲ್ಕು ಜನ ನೋಡುವ ಯೂಟ್ಯೂಬ್ ಚಾನೆಲ್ಲು. "ನಿಮ್ಮ ಕಿಚನ್ ವಿಡಿಯೊ ಇದೆ ಮೇಡಂ, ಫುಡ್ ಡಿಪಾರ್ಟ್‌ಮೆಂಟಿಗೆ ಕಂಪ್ಲೇಂಟ್ ಕೊಡೋದಾ, ಜಾಹೀರಾತು ಕೊಡ್ತೀರಾ?" ಎನ್ನುತ್ತಾನೆ. ಪ್ರಾಮಾಣಿಕ ವರದಿಗಾರ ಪ್ರಶ್ನೆ ಕೇಳುತ್ತಾನೆ, ಸುದ್ದಿ ಮಾಡುತ್ತಾನೆ. ಸುದ್ದಿ ಮಾಡದಿರಲು ದುಡ್ಡು ಕೇಳುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆಮೇಲೆ "ಸೆಟ್ಲ್‌ಮೆಂಟ್" ಮಾತಾಡುವವನೂ ಇದೇ ಸಾಲಿನವನು.

ನಾಲ್ಕನೆಯವನು ಸರ್ಕಾರಿ ನೌಕರ. ಅವನ ದಾರಿಯೇ ಬೇರೆ, ಕೊನೆಯ ಕಡೆ ಹೇಳುತ್ತೇನೆ.

ಹಂತ 3: ಪುರಾವೆ, ಅಂಗಡಿಯ ಖಾತೆ ಬರೆದಷ್ಟೇ ಶಿಸ್ತಿನಿಂದ

ಈ ಕೆಲಸ ನಿಮಗೆ ಹೊಸದಲ್ಲ. ಎರಡು ರೂಪಾಯಿ ವ್ಯತ್ಯಾಸಕ್ಕೂ ಪುಸ್ತಕ ತಿರುವಿ ಹಾಕುವವರು ನೀವು.

ಒಂದು ನೋಟ್‌ಬುಕ್ ತೆಗೆದುಕೊಂಡು ತಾರೀಕು, ಗಂಟೆ, ಯಾವ ನಂಬರಿನಿಂದ, ಏನೆಂದ, ಎಷ್ಟು ಕೇಳಿದ ಎಂದು ಬರೆಯಿರಿ. ಅವನ ಮಾತನ್ನು ಅವನ ಮಾತಿನಲ್ಲೇ ಬರೆಯಿರಿ, ಬೈಗುಳವಿದ್ದರೂ ಹಾಗೆಯೇ. "ಅಸಭ್ಯವಾಗಿ ಮಾತಾಡಿದ" ಎಂದರೆ ನ್ಯಾಯಾಲಯಕ್ಕೆ ಏನೂ ತಿಳಿಯುವುದಿಲ್ಲ.

ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲೆ ಫೋನ್ ನಂಬರ್ ಕಾಣಬೇಕು. "ರಾಜು ಅಕೌಂಟ್ಸ್" ಎಂದು ಸೇವ್ ಆಗಿದ್ದರೆ ಪ್ರೊಫೈಲ್ ಪುಟ ತೆರೆದು ನಂಬರಿನ ಶಾಟನ್ನೂ ತೆಗೆದಿಡಿ. ಬಿಡಿ ಶಾಟ್‌ಗಳಿಗಿಂತ, ಚಾಟನ್ನು ಮೇಲಿನಿಂದ ಕೆಳಗೆ ಉರುಳಿಸುತ್ತಾ ಮಾಡಿದ ಸ್ಕ್ರೀನ್ ರೆಕಾರ್ಡಿಂಗ್ ಹೆಚ್ಚು ನಂಬಿಕೆಗೆ ಅರ್ಹ. ವಾಟ್ಸಾಪ್‌ನ "ಎಕ್ಸ್‌ಪೋರ್ಟ್ ಚಾಟ್" ಬಳಸಿ ಪೂರ್ತಿ ಪ್ರತಿ ಇ-ಮೇಲ್‌ಗೆ ಹಾಕಿಕೊಳ್ಳಿ. ಒಮ್ಮೆ ನೋಡಿದರೆ ಮಾಯವಾಗುವ ಫೋಟೊಗಳಿಗೆ ಸ್ಕ್ರೀನ್‌ಶಾಟ್ ಆಗುವುದಿಲ್ಲ, ತೆರೆಯುವ ಮೊದಲು ಇನ್ನೊಂದು ಫೋನ್ ಕ್ಯಾಮೆರಾ ಸಿದ್ಧವಿಟ್ಟುಕೊಳ್ಳಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಆದರೆ ಆ ಪುಟದ ಲಿಂಕ್ ಬೇಕೇ ಬೇಕು. ಹೆಸರು ನಿಮಿಷಕ್ಕೊಮ್ಮೆ ಬದಲಾಗುತ್ತದೆ.

ಅಂಗಡಿಗೆ ಬಂದು ಬೆದರಿಸಿದ್ದರೆ ಸಿಸಿಟಿವಿ ದೃಶ್ಯವನ್ನು ಅಂದೇ ಪೆನ್‌ಡ್ರೈವಿಗೆ ಇಳಿಸಿ. ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಲೇ ಹೋಗುತ್ತದೆ, ಒಂದು ತಿಂಗಳಾದ ಮೇಲೆ ಹುಡುಕಿದರೆ ನಿಮ್ಮ ಗಿರಾಕಿಗಳು ಮಾತ್ರ ಕಾಣುತ್ತಾರೆ.

ಇನ್ನೊಂದು ಮಾತು, ವಕೀಲರೂ ಕೆಲವೊಮ್ಮೆ ತಡವಾಗಿ ನೆನಪಿಸುವಂಥದ್ದು. ಸ್ಕ್ರೀನ್‌ಶಾಟಿನ ಪ್ರಿಂಟ್ ತಾನಾಗಿಯೇ ಸಾಕ್ಷಿಯಾಗುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕು, ಎರಡು ಭಾಗದ್ದು: ಒಂದು ಭಾಗಕ್ಕೆ ಸಾಧನ ಬಳಸುವ ನೀವು ಸಹಿ ಹಾಕುತ್ತೀರಿ, ಇನ್ನೊಂದಕ್ಕೆ ತಜ್ಞರು. ಕಡತದ ಹ್ಯಾಶ್ ಮೌಲ್ಯವನ್ನು ಅದರಲ್ಲಿ ಬರೆಯಬೇಕಾಗುತ್ತದೆ, ಅಂದರೆ ಒಂದು ಅಕ್ಷರ ಬದಲಾದರೂ ಬೇರೆಯಾಗುವ ಡಿಜಿಟಲ್ ಬೆರಳಚ್ಚು. ಆದ್ದರಿಂದ ಮೂಲ ಮೆಸೇಜ್ ಬಂದ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ.

ಹಂತ 4: ಬಾಗಿಲುಗಳಿಗೆ ಹೊಸ ಬೀಗ

ಮೊದಲು ವಾಟ್ಸಾಪ್‌ನ "ಲಿಂಕ್ಡ್ ಡಿವೈಸಸ್" ನೋಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಎಂದೋ ತೆರೆದಿಟ್ಟ ವಾಟ್ಸಾಪ್ ವೆಬ್ ಮೂಲಕವೇ ಫೋಟೊ ಹೋಗಿರಬಹುದು. ಗೂಗಲ್ ಖಾತೆಯಲ್ಲಿ ಯಾವ ಯಾವ ಫೋನ್‌ಗಳು ಲಾಗಿನ್ ಆಗಿವೆ ನೋಡಿ, ಗೊತ್ತಿಲ್ಲದ್ದನ್ನು ಹೊರಗೆ ಹಾಕಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ.

ಆಮೇಲೆ ಉದ್ಯಮಿಗಳು ಮರೆಯುವ ಬಾಗಿಲುಗಳು: ಜಿಎಸ್‌ಟಿ ಪೋರ್ಟಲ್‌ನ ಪಾಸ್‌ವರ್ಡ್, ಅದಕ್ಕೆ ಕೊಟ್ಟಿರುವ ಮೊಬೈಲ್ ನಂಬರ್ (ಹಳೆಯ ಅಕೌಂಟೆಂಟಿನದೇ ಇರುತ್ತದೆ, ನೋಡಿ!), ಟ್ಯಾಲಿ, ನೆಟ್‌ಬ್ಯಾಂಕಿಂಗ್, ಇನ್‌ಸ್ಟಾಗ್ರಾಂ ಬಿಸಿನೆಸ್ ಪುಟದ ಅಡ್ಮಿನ್‌ಗಳು, ಸಿಸಿಟಿವಿ ಆ್ಯಪ್. ನಿಮ್ಮ ಡಿಜಿಟಲ್ ಸಹಿಯ ಟೋಕನ್ ಯಾರ ಡ್ರಾಯರಿನಲ್ಲಿದೆ? ಅದು ನಿಮ್ಮ ಸಹಿಗೆ ಸಮ. ಇವತ್ತೇ ಹೋಗಿ ತನ್ನಿ.

ಹಂತ 5: ಒಬ್ಬರಿಗೆ ಹೇಳಿ

ಎಲ್ಲಕ್ಕಿಂತ ಕಷ್ಟದ ಹಂತ ಇದು, ಹಾಗಾಗಿ ಸ್ವಲ್ಪ ನಿಂತು ಮಾತಾಡೋಣ.

ಬ್ಲ್ಯಾಕ್‌ಮೇಲ್ ಮಾಡುವವನ ಬಂಡವಾಳ ಆ ಫೋಟೊ ಎಂದು ನಾವು ತಿಳಿಯುತ್ತೇವೆ. ಫೋಟೊ ಅವನ ಕೈಯಲ್ಲಿದೆ ನಿಜ, ಆದರೆ ಅದಕ್ಕೆ ಬೆಲೆ ಬಂದಿರುವುದು "ಮನೆಯವರಿಗೆ ಗೊತ್ತಾದರೆ?" ಎಂಬ ನಿಮ್ಮ ಭಯದಿಂದ. ಮನೆಯವರಿಗೆ ನೀವೇ ಹೇಳಿದ ದಿನ ಅವನ ಬಳಿ ಉಳಿಯುವ ಸರಕಿನ ದರ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ.

ಯಾರಿಗೆ ಹೇಳಬೇಕು? ಗಂಡನಿಗೇ ಮೊದಲು ಹೇಳಬೇಕು ಎಂದು ನಾನು ಹೇಳಲಾರೆ. ಕೆಲವು ಮನೆಗಳಲ್ಲಿ ಅದು ಸರಿ, ಕೆಲವು ಮನೆಗಳಲ್ಲಿ ಅದು ಇನ್ನೊಂದು ಅಪಾಯ. ತಂಗಿ, ಹಳೆಯ ಗೆಳತಿ, ವಕೀಲೆ, ಹತ್ತು ವರ್ಷದಿಂದ ನಿಮ್ಮ ಲೆಕ್ಕ ನೋಡುವ ಸಿಎ ಮೇಡಂ, ಯಾರಾದರೂ ಸರಿ. ಅಳದೆ, ಬೈಯದೆ ಜೊತೆಗೆ ಠಾಣೆಯ ಬೆಂಚಿನ ಮೇಲೆ ಮೂರು ತಾಸು ಕೂರಬಲ್ಲವರು ಆಗಿರಬೇಕು. ಮಾತು ಹೀಗೆ ಶುರುವಾಗಲಿ: "ನಂಗೊಂದು ತೊಂದ್ರೆ ಆಗೇದ. ಒಬ್ಬಾಂವ ರೊಕ್ಕ ಕೇಳಾಕತ್ತಾನ. ಪೂರ್ತಿ ಕೇಳಿ ಆಮೇಲೆ ಏನ್ ಅನ್ನೋದದೋ ಅನ್ನು." ಮೊದಲು ಅವನ ಅಪರಾಧ ಹೇಳಿ, ಫೋಟೊದ ಕಥೆ ಆಮೇಲೆ. ತಿರುಗಿಸಿ ಹೇಳಿದರೆ ಕೇಳುವವರು ಫೋಟೊದಲ್ಲೇ ಸಿಕ್ಕಿಬಿಡುತ್ತಾರೆ.

ಹೇಳಿದ ಮೇಲೆ ಒಂದು ಪ್ರಸ್ತಾಪ ಬಂದೇ ಬರುತ್ತದೆ. ಅಣ್ಣನೋ ಮೈದುನನೋ ತೋಳು ಮಡಿಸುತ್ತಾನೆ: "ನಾಲ್ಕು ಹುಡುಗರನ್ನ ಕಳಿಸ್ತೀನಿ, ಬುದ್ಧಿ ಹೇಳಿ ಬರ್ತಾರೆ." ಅವನ ಪ್ರೀತಿಗೆ ಕೈ ಮುಗಿದು, ಆ ಹುಡುಗರನ್ನು ಮನೆಯಲ್ಲೇ ಕೂರಿಸಿ. ಅವರು ಕೈ ಮಾಡಿದ ಕ್ಷಣ ಹಲ್ಲೆ ಕೇಸಿನಲ್ಲಿ ಆರೋಪಿ ನಿಮ್ಮ ಕಡೆಯವರು, ದೂರುದಾರ ಅವನು. ವಾರ್ಡಿನ ಲೀಡರ್ ಮೂಲಕ "ಮಾತುಕತೆ" ಎಂಬುದೂ ಬೇಡ. ಗುಟ್ಟು ತಿಳಿದವರು ಇನ್ನೊಬ್ಬರು ಹೆಚ್ಚಾಗುತ್ತಾರೆ ಅಷ್ಟೆ. ನೆಟ್‌ನಲ್ಲಿ ಸಿಗುವ "ಎಥಿಕಲ್ ಹ್ಯಾಕರ್" ಅವನ ಫೋನಿನಿಂದ ಅಳಿಸಿಕೊಡುತ್ತೇನೆ ಎಂದು ಮುಂಗಡ ಕೇಳಿದರೆ ನೀವು ಈಗ ಇಬ್ಬರು ಸುಲಿಗೆಗಾರರ ನಡುವೆ ಇದ್ದೀರಿ ಎಂದು ತಿಳಿಯಿರಿ.

ರಾತ್ರಿ ನಿದ್ದೆ ಹೋಗಿ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯ ಹಿಂದೆ ನಮ್ಮ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡಬಹುದು.

ಹಂತ 6: ಠಾಣೆ

ಕರ್ನಾಟಕದಲ್ಲಿ ಸೈಬರ್ ಅಪರಾಧಗಳಿಗೆ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಊರಿನ ಠಾಣೆಯಲ್ಲಿ ಎಲ್ಲರೂ ಪರಿಚಯ, ಅಲ್ಲಿ ಬೇಡ ಅನ್ನಿಸಿದರೆ ಬೇರೆ ಊರಿನ ಠಾಣೆಗೂ ಹೋಗಬಹುದು. "ನಮ್ಮ ಲಿಮಿಟ್ಸ್‌ಗೆ ಬರಲ್ಲ" ಎಂದು ಹಿಂದೆ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಜೀರೊ ಎಫ್‌ಐಆರ್‌ಗೆ ಅವಕಾಶ ಕೊಟ್ಟಿದೆ. ಇ-ಮೇಲ್ ಮೂಲಕ ದೂರು ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ದೂರು ಒಂದೂವರೆ ಪುಟ ಮೀರದಿರಲಿ. ನೀವು ಯಾರು, ಅವನು ಯಾರು ಅಥವಾ ಯಾವ ನಂಬರು, ಯಾವ ದಿನ ಏನು ಬೆದರಿಸಿದ, ಎಷ್ಟು ಕೇಳಿದ, ಎಂದಿನೊಳಗೆ ಕೇಳಿದ, ನೀವು ಕೊಟ್ಟಿದ್ದೀರೋ ಇಲ್ಲವೋ. ನಿಮ್ಮ ಜೀವನಚರಿತ್ರೆ ಬೇಡ, ಸಮರ್ಥನೆ ಬೇಡ.

ಯಾವ ಕಲಂ ಹಾಕಬೇಕು ಎಂಬುದು ಪೊಲೀಸರ ಕೆಲಸ, ಆದರೂ ಗೊತ್ತಿದ್ದರೆ ಮಾತಿಗೆ ತೂಕ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಲಿಗೆ 308ನೇ ಕಲಂ. ದುಡ್ಡು ಕೊಡದಿದ್ದರೆ ಮಾನ ಕಳೆಯುವ ಬರಹ ಪ್ರಕಟಿಸುತ್ತೇನೆ ಎಂದು ಹೆದರಿಸುವುದೇ ಆ ಕಲಮಿನ ಮೊದಲ ದೃಷ್ಟಾಂತ. ಹಳೆಯ ಕಾನೂನಿನಲ್ಲಿ ಸುಲಿಗೆಗೆ ಗರಿಷ್ಠ 3 ವರ್ಷ ಇದ್ದದ್ದು ಈಗ 7 ವರ್ಷವಾಗಿದೆ. "ನೀವಿನ್ನೂ ದುಡ್ಡು ಕೊಟ್ಟಿಲ್ಲವಲ್ಲಮ್ಮ, ಕೇಸೆಲ್ಲಿದೆ?" ಎಂದು ಯಾರಾದರೂ ಕೇಳಬಹುದು. ಸುಲಿಗೆಗಾಗಿ ಭಯ ಹುಟ್ಟಿಸುವುದೇ ಅದೇ ಕಲಮಿನ 3ನೇ ಉಪಕಲಂ ಅಡಿ ಬೇರೆ ಅಪರಾಧ, 2 ವರ್ಷದವರೆಗೆ ಶಿಕ್ಷೆಯಿದೆ.

351ನೇ ಕಲಂ ಬೆದರಿಕೆಯದು. ಹೆಣ್ಣಿನ ಶೀಲದ ಮೇಲೆ ಕಳಂಕ ಹೊರಿಸುತ್ತೇನೆ ಎಂದು ಬೆದರಿಸಿದರೆ 7 ವರ್ಷದವರೆಗೆ. ಹೆಸರು ಮುಚ್ಚಿಟ್ಟುಕೊಂಡು ಬೆದರಿಸಿದರೆ ಅದರ ಮೇಲೆ ಇನ್ನೂ 2 ವರ್ಷದವರೆಗೆ. ಖಾಸಗಿ ಚಿತ್ರಗಳ ವಿಷಯಕ್ಕೆ 77ನೇ ಕಲಂ ಇದೆ. ಅದರ ವಿವರಣೆಯನ್ನು ಪ್ರತಿಯೊಬ್ಬ ಹೆಣ್ಣುಮಗಳೂ ಓದಬೇಕು: ಚಿತ್ರ ತೆಗೆಯಲು ನೀವು ಒಪ್ಪಿದ್ದರೂ, ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧ. "ನೀವೇ ಕಳಿಸಿದ್ದಲ್ವಾ?" ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, 67, 67ಎ ಕಲಂಗಳೂ ಇದಕ್ಕೆ ಸೇರುತ್ತವೆ. 77ನೇ ಕಲಮಿನಂಥ ಅಪರಾಧಗಳಲ್ಲಿ ನೊಂದ ಮಹಿಳೆಯ ಮಾಹಿತಿಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಧೈರ್ಯವಾಗಿ ಕೇಳಿ. ಚಿತ್ರಗಳನ್ನು ಕೌಂಟರಿನಲ್ಲಿ ಎಲ್ಲರ ಮುಂದೆ ತೋರಿಸುವ ಅಗತ್ಯವಿಲ್ಲ, ಪೆನ್‌ಡ್ರೈವಿನಲ್ಲಿ ಹಾಕಿ ಮುಚ್ಚಿದ ಲಕೋಟೆಯಲ್ಲಿ ತನಿಖಾಧಿಕಾರಿಗೇ ಕೊಡಿ.

ಈಗ ಕಹಿ ಮಾತು. ಕೆಲವು ಕಡೆ ಎಫ್‌ಐಆರ್ ಬದಲು ಅರ್ಜಿ ಎಂದು ತೆಗೆದುಕೊಂಡು, ಅವನನ್ನು ಕರೆಸಿ ಗದರಿಸಿ, ಇಬ್ಬರಿಂದಲೂ ಮುಚ್ಚಳಿಕೆ ಬರೆಸಿ, ಒಂದು ಹಿಂಬರಹ ಕೈಗಿಟ್ಟು ಕಳಿಸುತ್ತಾರೆ. ಸಣ್ಣ ಜಗಳಕ್ಕೆ ಇದು ಸಾಕಾಗಬಹುದು, ಸುಲಿಗೆಗೆ ಸಾಲದು. ಎಫ್‌ಐಆರ್ ಬೇಕೆಂದು ನಿಲ್ಲಿ, ಅದರ ಪ್ರತಿ ಉಚಿತವಾಗಿ ಸಿಗಬೇಕು. ದಾಖಲಿಸದಿದ್ದರೆ ದೂರಿನ ಸಾರಾಂಶವನ್ನು ಎಸ್‌ಪಿಗೆ, ಬೆಂಗಳೂರು, ಹುಬ್ಬಳ್ಳಿ–ಧಾರವಾಡದಂಥ ಕಮಿಷನರೇಟ್‌ಗಳಲ್ಲಿ ಡಿಸಿಪಿಗೆ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 175ನೇ ಕಲಂ 3ನೇ ಉಪಕಲಮಿನ ಅರ್ಜಿ. ವಕೀಲರ ಫೀಸಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ಹಣ ಕೊಡುವ ನೆಪದಲ್ಲಿ ಅವನನ್ನು ಕರೆಸಿ ಹಿಡಿಯುವ ಬಲೆ ಪೊಲೀಸರ ಕೈಯಲ್ಲಿದ್ದರೆ ಮಾತ್ರ ಬಲೆ. ಕ್ಲಾಟನ್ ಪ್ರಕರಣದಲ್ಲೂ ಅವನು ಸಿಕ್ಕಿದ್ದು ಪೊಲೀಸರ ಯೋಜನೆಯಲ್ಲಿ. ನೀವೇ ಒಬ್ಬರೇ ಲಾಡ್ಜಿಗೋ ಹೈವೇ ಧಾಬಾಕ್ಕೋ ಹೋಗುವುದು ಶೌರ್ಯವಲ್ಲ.

ಹಂತ 7: ಹರಡುವ ಮೊದಲೇ ಕಟ್ಟೆ ಕಟ್ಟಿ

ಖಾಸಗಿ ಚಿತ್ರದ ಬೆದರಿಕೆಯಾದರೆ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಎಂಬ ತಾಣವನ್ನು ಅದೇ ವಾರ ಬಳಸಿ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಹ್ಯಾಶ್ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಸಹಭಾಗಿ ಕಂಪನಿಗಳಿಗೆ ಹೋಗುತ್ತದೆ, ಅದೇ ಚಿತ್ರವನ್ನು ಯಾರಾದರೂ ಏರಿಸಿದರೆ ಗುರುತು ಹತ್ತುತ್ತದೆ. 18 ವರ್ಷ ದಾಟಿದವರಿಗೆ ಈ ಸೇವೆ. ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವುದನ್ನು ಇದು ನಿಲ್ಲಿಸಲಾರದು, ಅಷ್ಟು ನೆನಪಿರಲಿ.

ಈಗಾಗಲೇ ಎಲ್ಲೋ ಏರಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಲಿಂಕ್ ಸಮೇತ ಬರೆಯಿರಿ. 2021ರ ಐಟಿ ನಿಯಮಗಳು ಜಾರಿಗೆ ಬಂದಾಗಲೇ ಇಂಥ ಚಿತ್ರ ತೆಗೆಯಲು 24 ಗಂಟೆಯ ಗಡುವು ಹಾಕಿದ್ದವು. ನಕಲಿ ಮಾಡಿ ಅಂಟಿಸಿದ ಚಿತ್ರಕ್ಕೂ ಇದು ಅನ್ವಯ. ಗೂಗಲ್ ಹುಡುಕಾಟದ ಫಲಿತಾಂಶದಿಂದ ತೆಗೆಸಲು ಬೇರೆ ಅರ್ಜಿ ಇದೆ, ಅದನ್ನೂ ಹಾಕಿ.

ರೋಲ್‌ಕಾಲ್ ಗಿರಾಕಿಯ ವಿರುದ್ಧ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಒಳ್ಳೆಯ ಆಯುಧ. 2021ರಲ್ಲಿ "ಸಿಡಿ" ಗದ್ದಲ ಎದ್ದಾಗ ರಾಜ್ಯದ ಆರು ಸಚಿವರು ಬೆಂಗಳೂರಿನ ನ್ಯಾಯಾಲಯಕ್ಕೆ ಓಡಿ ಮಾಧ್ಯಮಗಳ ಮೇಲೆ ಸ್ಟೇ ತಂದದ್ದು ನಿಮಗೆ ನೆನಪಿರಬಹುದು. ಸಚಿವರಿಗೆ ತೆರೆದ ಆ ಬಾಗಿಲು ರೊಟ್ಟಿ ಮಾರುವವರಿಗೂ ತೆರೆದೇ ಇದೆ. ನಮ್ಮವರು ತಟ್ಟುವುದು ಕಡಿಮೆ.

ಹಂತ 8: ಅವನು ಹೇಳುವುದು ನಿಜವೇ ಆಗಿದ್ದರೆ

ಅಕೌಂಟೆಂಟ್ ಬೆದರಿಸುತ್ತಿರುವುದು ಫೋಟೊದಿಂದ ಅಲ್ಲ, ಎರಡು ವರ್ಷ ಬಿಲ್ ಇಲ್ಲದೆ ಮಾರಿದ ಲೆಕ್ಕದಿಂದ ಎಂದುಕೊಳ್ಳಿ. ನಿಮ್ಮ ತಪ್ಪು ನಿಜ. ಅದರಿಂದ ಅವನ ಸುಲಿಗೆ ಸಕ್ರಮವಾಗುವುದಿಲ್ಲ. ದೂರು ಕೊಡುವುದು ಅವನ ಹಕ್ಕು, ದೂರು ಕೊಡದಿರಲು ದುಡ್ಡು ಕೇಳುವುದು ಅಪರಾಧ.

ಆದರೆ ಇಲ್ಲಿ ಜಾಣತನ ಬೇರೆಯೇ. ಅವನಿಗೆ ಕೊಡಬೇಕೆಂದಿದ್ದ ದುಡ್ಡನ್ನು ಸರ್ಕಾರಕ್ಕೆ ಕಟ್ಟಿ. ಆದಾಯ ತೆರಿಗೆಯಲ್ಲಿ ಅಪ್‌ಡೇಟೆಡ್ ರಿಟರ್ನ್ ಹಾಕುವ ಅವಕಾಶವನ್ನು 2025ರಲ್ಲಿ 4 ವರ್ಷಕ್ಕೆ ವಿಸ್ತರಿಸಿದ್ದಾರೆ. ತಡವಾದಷ್ಟೂ ಹೆಚ್ಚುವರಿ ತೆರಿಗೆ 25, 50, 60, 70 ಪ್ರತಿಶತಕ್ಕೆ ಏರುತ್ತದೆ. ಇಲಾಖೆಯ ಶೋಧ ನಡೆದ ಮೇಲೆ ಈ ದಾರಿ ಮುಚ್ಚುತ್ತದೆ, ಹಾಗಾಗಿ ಅವನಿಗಿಂತ ಮೊದಲು ನೀವು ಓಡಬೇಕು. ಜಿಎಸ್‌ಟಿಯಲ್ಲಿ ಡಿಆರ್‌ಸಿ-03 ಎಂಬ ನಮೂನೆಯ ಮೂಲಕ ಬಾಕಿಯನ್ನು ಬಡ್ಡಿ ಸಮೇತ ನೀವಾಗಿಯೇ ಕಟ್ಟಬಹುದು. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಈ ಪಾವತಿಗೆ ಚಲನ್ ಸಿಗುತ್ತದೆ.

ಅಡುಗೆಮನೆಯ ವಿಡಿಯೊ ಎಂದಾದರೂ ಅಷ್ಟೆ: ಜಾಲರಿ ಹಾಕಿಸಿ, ನೀರಿನ ಪರೀಕ್ಷೆ ಮಾಡಿಸಿ, ಆಹಾರ ಸುರಕ್ಷತಾ ಪರವಾನಗಿ ನವೀಕರಿಸಿ, ಫೋಟೊ ಸಮೇತ ಕಡತ ಮಾಡಿಡಿ.

ಬೆದರಿಸುವವನು ಸರ್ಕಾರಿ ಅಧಿಕಾರಿಯೇ ಆದರೆ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದುಗೊಳಿಸಿದ ಮೇಲೆ ಟ್ರ್ಯಾಪ್ ಅಧಿಕಾರ, ಅಂದರೆ ಬಲೆ ಬೀಸಿ ಹಿಡಿಯುವ ಅಧಿಕಾರ, ಮತ್ತೆ ಅವರಿಗೇ ಬಂದಿದೆ. ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚಿ, ಮುಟ್ಟಿದವನ ಕೈಯನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ತೊಳೆಸಿದಾಗ ಅದು ಗುಲಾಬಿಯಾಗುವ ಹಳೆಯ ಉಪಾಯ ಇಂದಿಗೂ ನಡೆಯುತ್ತದೆ. ಒತ್ತಡಕ್ಕೆ ಸಿಕ್ಕಿ ಈಗಾಗಲೇ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ವರದಿ ಮಾಡಿ. ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಂ ಅಷ್ಟರೊಳಗೆ ಹೇಳಿದವರನ್ನು ಲಂಚ ಕೊಟ್ಟ ಅಪರಾಧದಿಂದ ಹೊರಗಿಡುತ್ತದೆ. ಎಂಟನೆಯ ದಿನ ಆ ರಕ್ಷಣೆ ಇರುವುದಿಲ್ಲ.

ಹಂತ 9: ಹೊರಗೆ ಬಂದೇ ಬಿಟ್ಟರೆ

ಡೀಲರ್ ಗ್ರೂಪಿಗೆ ಕಳಿಸಿಯೇ ಬಿಟ್ಟ ಎನ್ನಿ. ಇದಕ್ಕೆ ಮೊದಲೇ ಮೂರು ಸಾಲು ಬರೆದಿಟ್ಟುಕೊಂಡಿರಿ: "ನನ್ನಿಂದ ಹಣ ಸುಲಿಯಲು ಒಬ್ಬ ವ್ಯಕ್ತಿ ಪ್ರಯತ್ನಿಸಿದ್ದಾನೆ. ಪೊಲೀಸ್ ದೂರು ದಾಖಲಾಗಿದೆ. ಇದನ್ನು ಮುಂದಕ್ಕೆ ಕಳಿಸುವುದೂ ಅಪರಾಧ, ದಯವಿಟ್ಟು ಅಳಿಸಿ." ಎಫ್‌ಐಆರ್ ಸಂಖ್ಯೆ ಸೇರಿಸಿ. ಇದಕ್ಕಿಂತ ಹೆಚ್ಚು ವಿವರಣೆ ಯಾರಿಗೂ ಬೇಡ, ಕೇಳಿದ ಹತ್ತು ಜನಕ್ಕೂ ಇದೇ ಮೂರು ಸಾಲು. ಮುಖ್ಯವಾದ ನಾಲ್ಕೈದು ಗಿರಾಕಿಗಳಿಗೆ ಮಾತ್ರ ನೀವೇ ಫೋನ್ ಮಾಡಿ, ಅದರಲ್ಲೂ ಅರ್ಧ ಮಾತು ಸೋಮವಾರದ ಆರ್ಡರಿನ ಬಗ್ಗೆ ಇರಲಿ. ಮರುದಿನ ಘಟಕಕ್ಕೆ ಹೋಗಿ. ಒಲೆ ಹಚ್ಚಿಸಿ. ಕೆಲಸದ ಹೆಣ್ಣುಮಕ್ಕಳು ಮಾಲಕಿಯ ಮುಖವನ್ನೇ ನೋಡುತ್ತಿರುತ್ತಾರೆ, ಅವರಲ್ಲಿ ಒಬ್ಬಿಬ್ಬರಾದರೂ ಇಂಥದ್ದನ್ನು ತಾವೂ ಕಂಡವರೇ ಇರುತ್ತಾರೆ.

ಹಂತ 10: ಕೇಸು ಶುರುವಾದ ಮೇಲೆ

ತನಿಖೆಗೆ ನಿಮ್ಮ ಫೋನನ್ನು ಜಪ್ತಿ ಮಾಡಬಹುದು. ಕೊಡುವ ಮೊದಲು ಯುಪಿಐ, ಬ್ಯಾಂಕ್ ಓಟಿಪಿ ಬರುವ ಸಿಮ್ ಬೇರೆ ಫೋನಿಗೆ ಹಾಕಿಕೊಳ್ಳಿ, ಗಿರಾಕಿಗಳ ನಂಬರು ನಕಲು ಮಾಡಿಕೊಳ್ಳಿ. ಮೂಲ ಚಾಟ್ ಇರುವ ವಾಟ್ಸಾಪ್ ಖಾತೆಯನ್ನು ಮಾತ್ರ ತನಿಖಾಧಿಕಾರಿಯನ್ನು ಕೇಳದೆ ಸರಿಸಬೇಡಿ. ಮಹಜರಿನ ಪ್ರತಿ ಕೇಳಿ ಪಡೆಯಿರಿ. ಫೋನ್ "ಮುದ್ದೆಮಾಲು" ಎಂಬ ಹೆಸರಲ್ಲಿ ಕೂತುಬಿಟ್ಟರೆ ಬಿಡಿಸಿಕೊಳ್ಳಲು ವಕೀಲರ ಮೂಲಕ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಅಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.

ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಹೊಣೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಅಂದು ನೀವೇ ಹೋಗಿ ಕೇಳಿ.

ಈ ನಡುವೆ ಒಂದು ಸಂಜೆ ಅವನ ತಾಯಿಯೋ ಊರ ಹಿರಿಯರೋ ಬರುತ್ತಾರೆ. "ಹುಡುಗನ ಭವಿಷ್ಯ ನೋಡವ್ವ, ಕೇಸ್ ವಾಪಸ್ ತಗೋ" ಎನ್ನುತ್ತಾರೆ. ನೀರು ಕೊಡಿ, ಚಹಾ ಕೊಡಿ, ಮಾತು ಕೊಡಬೇಡಿ. ಸುಲಿಗೆ ನೀವು ಹೋಗಿ ಕೈಬಿಟ್ಟರೆ ಮುಗಿಯುವ ಅಪರಾಧವಲ್ಲ, ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಅದು ಇಲ್ಲ. ರದ್ದು ಮಾಡಿಸಬೇಕಾದರೆ ಅವನು ಹೈಕೋರ್ಟಿಗೆ ಹೋಗಬೇಕು, ರಾಜಿಯಾಗಿದೆ ಎಂದು ಅಲ್ಲಿ ತೋರಿಸಲು ನಿಮ್ಮ ಪ್ರಮಾಣಪತ್ರ (ಅಫಿಡವಿಟ್) ಬೇಕು. ಕೊಡುವ ಮನಸ್ಸಿದ್ದರೆ ವಕೀಲರ ಕಚೇರಿಯಲ್ಲಿ ಕೂತು ಷರತ್ತು ಬರೆಸಿ: ಅವನ ಎಲ್ಲ ಸಾಧನಗಳೂ ಪೊಲೀಸರ ಮುಂದೆ ಹಾಜರು, ಪ್ರತಿಗಳ ಬಗ್ಗೆ ಅವನ ಪ್ರಮಾಣ, ಮುಂದೆ ಏನಾದರೂ ಹೊರಬಂದರೆ ಹೊಣೆ ಅವನದು, ನಿಮ್ಮ ಖರ್ಚು ಅವನ ತಲೆಗೆ. ಮನಸ್ಸಿಲ್ಲದಿದ್ದರೆ ಚಹಾದ ಲೋಟ ತೆಗೆದಿಟ್ಟು ಮುಂದಿನ ವಾಯಿದೆಯ ತಾರೀಕು ನೋಡಿಕೊಳ್ಳಿ.